ಚರ್ಮದ ಮೇಲಿನ ಅಕ್ಷರ, ಅಂಗೈಯಲ್ಲಿನ ಹೆಸರು

(ಭಾನುವಾರದ ಎರಡನೇ ಆರಾಧನೆ, ಅಟ್ಟೂರು. ಯೌವನಸ್ಥರಿಗಾಗಿ ಕೊಟ್ಟ ಸಂದೇಶದ ಬರಹ ರೂಪ)

ಕೂತ್ಕೊಳ್ಳಿ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇದೆ.

ಹೋದ ತಿಂಗಳು ಯೂತ್ ಮೀಟಿಂಗ್‌ನಲ್ಲಿ ಒಂದು ಡಬ್ಬಿ ಇಟ್ಟಿದ್ದೆವು, ನಿಮಗೆ ನೆನಪಿದೆ. ಟ್ಯಾಟೂ ಹಾಕಿಸಿಕೊಂಡವರು, ಮೂಗು, ಹುಬ್ಬು, ಕಿವಿ ಚುಚ್ಚಿಸಿಕೊಂಡವರು, ಕೂದಲಿಗೆ ನೀಲಿ, ನೇರಳೆ ಬಣ್ಣ ಹಾಕಿಸಿಕೊಂಡವರು, ಯಾಕೆ ಹಾಕಿಸಿಕೊಂಡ್ರಿ ಅಂತ ಹೆಸರಿಲ್ಲದೆ ಬರೆದು ಹಾಕಿ ಅಂದಿದ್ದೆ. ಆ ಚೀಟಿಗಳನ್ನು ಮನೆಗೆ ತಗೊಂಡು ಹೋಗಿ ಮೊಣಕಾಲೂರಿ ಓದಿದೆ. ಸತ್ಯ ಹೇಳ್ತೀನಿ, ಬುದ್ಧಿ ಹೇಳೋದಕ್ಕೆ ತಯಾರಾಗಿದ್ದೆ. ಓದಿ ಮುಗಿಸಿದಾಗ ಹೇಳೋದಕ್ಕೆ ಬಾಯಿ ಬರಲಿಲ್ಲ.

ಕೆಲವನ್ನು ಹೇಳ್ತೀನಿ. ಒಬ್ಬರು ಬರೆದಿದ್ರು: "ಚೆನ್ನಾಗಿ ಕಾಣುತ್ತೆ ಅಂತ. ಅಷ್ಟೇ ಪಾಸ್ಟರ್, ಬೇರೆ ಏನೂ ಇಲ್ಲ." ಸರಿ. ಅದೂ ಒಂದು ಉತ್ತರವೇ. ನವಿಲಿಗೆ ಅಷ್ಟು ಬಣ್ಣ ಕೊಟ್ಟ ದೇವರಿಗೆ ಚೆಂದ ಅಂದ್ರೆ ಇಷ್ಟ ಇಲ್ಲ ಅಂತ ನಾನು ಹೇಳಲಾರೆ.

ಒಬ್ಬ ತಂಗಿ ಬರೆದಿದ್ದಳು: "ನಾನು ಯಾವ ಕೋರ್ಸ್ ಓದಬೇಕು, ಎಲ್ಲಿ ಕೆಲಸ ಮಾಡಬೇಕು, ಯಾವಾಗ ಮದುವೆ, ಎಲ್ಲ ಮನೆಯವರೇ ತೀರ್ಮಾನ ಮಾಡ್ತಾರೆ. ಕೂದಲೊಂದೇ ನನ್ನ ಕೈಯಲ್ಲಿರೋದು."

ಒಬ್ಬ ತಮ್ಮ ಹುಡುಗಿ ಹೆಸರು ಹಾಕಿಸಿಕೊಂಡಿದ್ದ. ಈಗ ಅವಳು ಅವನ ಜೊತೆ ಇಲ್ಲ. "ದಿನಾ ಸ್ನಾನ ಮಾಡುವಾಗ ಓದ್ತೀನಿ" ಅಂತ ಬರೆದಿದ್ದ.

ಇನ್ನೊಂದು ಚೀಟಿ. ಸಣ್ಣ ಅಕ್ಷರ. "ಕೈಮೇಲೆ ನಾನೇ ಮಾಡಿಕೊಂಡ ಗಾಯದ ಗೆರೆಗಳಿದ್ದವು. ಅವನ್ನು ಮುಚ್ಚೋಕೆ ಹೂವಿನ ಬಳ್ಳಿ ಹಾಕಿಸಿಕೊಂಡೆ. ಈಗ ಜನ ಗಾಯದ ಬಗ್ಗೆ ಕೇಳಲ್ಲ, ಹೂವಿನ ಬಗ್ಗೆ ಬೈತಾರೆ."

ಇದನ್ನು ಬರೆದ ಮಗುವಿಗೆ ಮೊದಲು ಒಂದು ಮಾತು. ನೀನು ಯಾರು ಅಂತ ನನಗೆ ಗೊತ್ತಿಲ್ಲ, ಹುಡುಕೋದೂ ಇಲ್ಲ. ಆದರೆ ಆ ಕತ್ತಲೆ ಮತ್ತೆ ಬಂದರೆ ಒಬ್ಬಳೇ ಇರಬೇಡ. ನಮ್ಮ ಮನೆ ಬಾಗಿಲು ತಟ್ಟು. ನಮ್ಮ ಹತ್ರ ಹೇಳೋಕೆ ಆಗದಿದ್ರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಡಾಕ್ಟರ ಹತ್ರ ಹೋದ್ರೆ ನಂಬಿಕೆ ಕಡಿಮೆ ಅಂತ ಯಾರಾದ್ರೂ ಹೇಳಿದ್ರೆ, ಪಾಸ್ಟರೇ ಹೋಗು ಅಂದ್ರು ಅಂತ ಹೇಳು. ಆಮೆನ್?

ಈಗ ಬೈಬಲ್ ತೆಗೆಯಿರಿ. ಮೊಬೈಲ್‌ನಲ್ಲಿ ಇರೋರು ಮೊಬೈಲ್‌ನಲ್ಲೇ ತೆಗೆಯಿರಿ, ಆದರೆ ಇನ್‌ಸ್ಟಾಗ್ರಾಮ್ ಮುಚ್ಚಿ. ಯಾಜಕಕಾಂಡ 19ನೇ ಅಧ್ಯಾಯ, 28ನೇ ವಚನ. ಮನಸ್ಸಿನಲ್ಲೇ ಓದಿಕೊಳ್ಳಿ. ಹಚ್ಚೆ ಅಂದ ಕೂಡಲೇ ನಮ್ಮ ಸಭೆಗಳಲ್ಲಿ ಎಲ್ಲರ ಬಾಯಿಗೆ ಬರೋ ವಚನ ಇದು. ನನ್ನ ಬಾಯಿಗೂ ಬಂದಿತ್ತು. ಆ ಕಥೆ ಹೇಳಬೇಕು. ಇದು ನನ್ನ ಸಾಕ್ಷಿ ಅಲ್ಲ, ನನ್ನ ತಪ್ಪೊಪ್ಪಿಗೆ. ಸಂಬಂಧಪಟ್ಟ ತಮ್ಮನ ಅನುಮತಿ ಕೇಳಿಯೇ ಹೇಳ್ತಿದ್ದೇನೆ. ಹೆಸರು ಹೇಳೋದಿಲ್ಲ.

2021ರ ಕೊನೆಯಲ್ಲಿ ಆ ಹುಡುಗ ನಮ್ಮ ಸಭೆಗೆ ಬರೋಕೆ ಶುರು ಮಾಡಿದ. ಅಟ್ಟೂರು ಲೇಔಟ್‌ನಲ್ಲಿ ಒಂದು ರೂಮು, ಫುಡ್ ಡೆಲಿವರಿ ಕೆಲಸ. ಕೊನೇ ಸಾಲಿನಲ್ಲಿ ಕೂತ್ಕೊಂಡು, ಆಶೀರ್ವಾದ ಮುಗಿಯೋ ಮೊದಲೇ ಗಾಡಿ ಹತ್ತಿ ಹೋಗಿಬಿಡ್ತಿದ್ದ. ಗಿಟಾರ್ ನುಡಿಸ್ತಾನೆ ಅಂತ ಗೊತ್ತಾಯ್ತು. ಆರಾಧನಾ ತಂಡಕ್ಕೆ ಬಾ ಅಂದ್ವಿ. ಮೊದಲನೇ ಭಾನುವಾರ ಶರ್ಟ್ ತೋಳು ಮಡಿಚಿದಾಗ ಮುಂಗೈಯಲ್ಲಿ ಹಚ್ಚೆ ಕಾಣಿಸ್ತು. ಅಕ್ಷರಗಳು. ಹಿರಿಯರೊಬ್ಬರು ನನ್ನ ಕಡೆ ನೋಡಿದ್ರು. ನಾನು ಆರಾಧನೆ ಮುಗಿದ ಮೇಲೆ ಅವನನ್ನು ಪಕ್ಕಕ್ಕೆ ಕರೆದು, ಇದೇ 19:28 ತೆರೆದು, "ಓದು ತಮ್ಮಾ" ಅಂದೆ. ಓದಿದ. "ಇದನ್ನು ಇಟ್ಕೊಂಡು ಯಾಜಕರ ಹಾಗೆ ವೇದಿಕೆ ಮೇಲೆ ನಿಲ್ಲೋದು ಸರಿಯಾ?" ಅಂದೆ. "ಸರಿ ಪಾಸ್ಟರ್" ಅಂತ ಒಂದೇ ಮಾತು ಹೇಳಿ, ಗಿಟಾರ್ ಕವರಿನಲ್ಲಿ ಹಾಕ್ಕೊಂಡು ಹೋದ. ಮತ್ತೆ ಬರಲಿಲ್ಲ.

ಏಳು ತಿಂಗಳು. ನಾನು ಫೋನ್ ಕೂಡ ಮಾಡಲಿಲ್ಲ. ನಾನು ಸತ್ಯಕ್ಕೋಸ್ಕರ ನಿಂತೆ ಅಂದ್ಕೊಂಡಿದ್ದೆ.

ಆಮೇಲೆ ಒಂದು ದಿನ ಯಲಹಂಕ ನ್ಯೂ ಟೌನಿನಲ್ಲಿ ಅವನ ರೂಮ್‌ಮೇಟ್ ಸಿಕ್ಕಿದ. ಮಾತಿನ ಮಧ್ಯೆ ಕೇಳಿದ: "ಪಾಸ್ಟರ್, ಆ ಹಚ್ಚೆಯಲ್ಲಿ ಏನು ಬರೆದಿದೆ ಅಂತ ನೀವು ಓದಿದ್ರಾ?" ನಾನು ಓದಿರಲಿಲ್ಲ. ಹಚ್ಚೆ ಅಂತ ನೋಡಿದ್ದೆ. ಏನು ಬರೆದಿದೆ ಅಂತ ನೋಡಿರಲಿಲ್ಲ.

"ನನ್ನ ಮಗನಿಗೆ" ಅಂತ ಬರೆದಿತ್ತು.

2021ರ ಏಪ್ರಿಲ್, ಮೇ. ಈ ಊರು ಹೇಗಿತ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆಂಬುಲೆನ್ಸ್ ಸದ್ದು ಕೇಳಿದ್ರೆ ಮನೆಯವರೆಲ್ಲ ಸುಮ್ಮನಾಗಿಬಿಡ್ತಿದ್ವಿ. ಆ ಎರಡನೇ ಅಲೆಯಲ್ಲಿ ಅವನ ತಾಯಿ ತೀರಿಕೊಂಡ್ರು. ಪ್ಲಾಸ್ಟಿಕ್ ಸುತ್ತಿ ತಂದ್ರು. ಮುಖ ನೋಡೋಕೆ ಆಗಲಿಲ್ಲ, ಕೈ ಮುಟ್ಟೋಕೆ ಆಗಲಿಲ್ಲ. ದೂರದಲ್ಲಿ ನಿಂತು ಮಣ್ಣು ಹಾಕಿ ಬಂದ. ಮನೆಗೆ ಬಂದ ಮೇಲೆ, ಅವನು ಹತ್ತನೇ ಕ್ಲಾಸಿನಲ್ಲಿದ್ದಾಗ ಅಮ್ಮ ಕೊಟ್ಟಿದ್ದ ಬೈಬಲ್ ತೆರೆದ. ಮೊದಲ ಪುಟದಲ್ಲಿ ಅವರ ಕೈಬರಹ: "ನನ್ನ ಮಗನಿಗೆ". ಆ ಕೈಬರಹವನ್ನೇ ಫೋಟೋ ತೆಗೆದು ಹಚ್ಚೆಯವರಿಗೆ ಕೊಟ್ಟು, ಹೀಗೇ ಇರಬೇಕು, ಅಕ್ಷರ ತಿದ್ದಬೇಡಿ ಅಂದನಂತೆ. ಮುಟ್ಟೋಕೆ ಸಿಗದ ಕೈಯನ್ನು ತನ್ನ ಕೈಮೇಲೆ ಹಾಕಿಸಿಕೊಂಡ.

ಈಗ ಆ ವಚನಕ್ಕೆ ವಾಪಸ್ ಬನ್ನಿ. 19:28ರ ಮೊದಲ ಅರ್ಧ ನೋಡಿ. ಗಾಯ ಮಾಡಿಕೊಳ್ಳೋದು ಯಾರಿಗೋಸ್ಕರ ಅಂತ ಇದೆ? ಸತ್ತವರಿಗೋಸ್ಕರ. ಧರ್ಮೋಪದೇಶಕಾಂಡ 14:1ರಲ್ಲೂ ಅದೇ ವಿಷಯ. ಇಸ್ರಾಯೇಲ್ಯರ ಸುತ್ತಲಿನ ಜನ ಸತ್ತವರಿಗಾಗಿ ಮೈ ಕೊಯ್ದುಕೊಳ್ತಿದ್ರು. ತಮ್ಮ ದೇವರುಗಳ ಗಮನ ಸೆಳೆಯೋಕೂ ಕೊಯ್ದುಕೊಳ್ತಿದ್ರು. 1 ಅರಸುಗಳು 18ರಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳು ರಕ್ತ ಸುರಿಯೋವರೆಗೂ ಹಾಗೆ ಮಾಡಿದ್ರು. ಅವರ ದೇವರು ಕೇಳಲಿಲ್ಲ. ನಮ್ಮ ದೇವರು ತನ್ನ ಜನಕ್ಕೆ ಹೇಳೋದು ಇಷ್ಟು: ನೀವು ನನ್ನವರು. ನಾನು ಕೇಳಬೇಕು ಅಂದ್ರೆ ನೀವು ರಕ್ತ ಸುರಿಸಬೇಕಾಗಿಲ್ಲ. ಸತ್ತವರು ನನ್ನ ಕೈಯಲ್ಲಿದ್ದಾರೆ.

ಅಂದ್ರೆ ಆ ವಚನ ದುಃಖದಲ್ಲಿರೋರಿಗೆ ಬರೆದದ್ದು, ಪ್ರಿಯರೇ. ದುಃಖದಲ್ಲಿದ್ದ ಒಬ್ಬ ಹುಡುಗನ ಮುಂದೆ ಅದೇ ವಚನ ತೆರೆದು, ಅವನ ದುಃಖ ಏನು ಅಂತ ಕೇಳದೆ, ಅದನ್ನೇ ಕೋಲು ಮಾಡಿ ಹೊಡೆದೆ. ವಾಕ್ಯ ಸರಿಯಾಗಿತ್ತು. ಹಿಡಿದ ಕೈ ತಪ್ಪಾಗಿತ್ತು.

ಅದೇ ಅಧ್ಯಾಯದಲ್ಲಿ ಇನ್ನೂ ಏನಿದೆ ನೋಡಿ. 13ನೇ ವಚನ: ಕೂಲಿಯವನ ಕೂಲಿ ಬೆಳಗಾಗೋ ತನಕ ಇಟ್ಕೋಬೇಡ. ನಮ್ಮ ಮನೆ ಕೆಲಸಕ್ಕೆ ಬರೋ ಅಕ್ಕನಿಗೆ ಸಂಬಳ ಯಾವತ್ತು ಕೊಡ್ತೀವಿ? 16: ಚಾಡಿ ಹೇಳ್ಕೊಂಡು ತಿರುಗಬೇಡ. ಸಭೆಯ ವಾಟ್ಸಾಪ್ ಗ್ರೂಪಿಗೆ ಹೇಳ್ತಿದ್ದೇನೆ. 18: ನೆರೆಯವನನ್ನು ನಿನ್ನ ಹಾಗೇ ಪ್ರೀತಿಸು. 19: ಎರಡು ಬಗೆ ನೂಲು ಕಲಸಿದ ಬಟ್ಟೆ ಬೇಡ. ಇಲ್ಲಿ ಕಾಟನ್-ಪಾಲಿಯೆಸ್ಟರ್ ಹಾಕದೇ ಇರೋರು ಕೈ ಎತ್ತಿ. ಯಾರೂ ಇಲ್ಲ. 27: ಗಡ್ಡದ ಅಂಚು ಕತ್ತರಿಸಬೇಡ. ಇವತ್ತು ಬೆಳಿಗ್ಗೆ ಶೇವ್ ಮಾಡ್ಕೊಂಡು ಬಂದವನು ನಾನೇ. 33, 34: ನಿಮ್ಮ ನಡುವೆ ಬಂದಿರೋ ಪರದೇಶಸ್ಥನನ್ನು ಹಿಂಸಿಸಬೇಡ, ನಿನ್ನ ಹಾಗೇ ಪ್ರೀತಿಸು. ಇಷ್ಟು ವಚನಗಳ ನಡುವೆ ಒಂದನ್ನೇ ಆರಿಸಿ, ಅದರಲ್ಲೂ ಅರ್ಧ ಆರಿಸಿ, ಬಾಗಿಲಲ್ಲಿ ಹಲಗೆ ಹಾಕಿದ್ವಿ.

ನನ್ನ ಅಜ್ಜಿ ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯವರು. ಅವರ ಹಣೆ ಮೇಲೆ, ಎರಡೂ ಕೈ ಮೇಲೆ ಹಸಿರು ಹಚ್ಚೆ ಇತ್ತು. ಚಿಕ್ಕವರಿದ್ದಾಗ ಊರಿಗೆ ಬಂದ ಕೊರವಂಜಿ ಸೂಜಿಯಿಂದ ಹುಯ್ದದ್ದು. ಅತ್ತರೆ ಮರೆಸೋಕೆ ಅವಳು ಹಾಡು ಹೇಳ್ತಿದ್ದಳಂತೆ. ಯಾಕಜ್ಜಿ ಹಾಕಿಸಿಕೊಂಡೆ ಅಂತ ಕೇಳಿದ್ರೆ, "ಒಡವೆ ಆದ್ರೆ ಗಿರವಿಗೆ ಹೋಗುತ್ತೆ, ಸತ್ತಾಗ ಬಿಚ್ಕೋತಾರೆ. ಹಚ್ಚೆ ಒಂದೇ ಜೊತೇಲಿ ಬರೋದು ಕಣಪ್ಪಾ" ಅಂತಿದ್ರು. ನಮ್ಮ ಹಳ್ಳಿಗಳಲ್ಲಿ ಇದು ಎಷ್ಟೋ ಹೆಂಗಸರ ನಂಬಿಕೆ. ಯೋಚನೆ ಮಾಡಿ. ತನ್ನದು ಅಂತ ಒಂದು ಗುಲಗಂಜಿ ಬಂಗಾರ ಇಲ್ಲದ ಹೆಣ್ಣುಮಗಳು, ಯಾರೂ ಕಿತ್ಕೊಳ್ಳೋಕೆ ಆಗದ ಒಂದು ಒಡವೆ ಬೇಕು ಅಂತ ನೋವು ತಿಂದಳು.

ಅಜ್ಜಿ ವಯಸ್ಸಾದ ಮೇಲೆ ಕರ್ತನನ್ನು ಅಂಗೀಕರಿಸಿದ್ರು. ಹಣೆ ಮೇಲೆ ಹಚ್ಚೆ ಇಟ್ಕೊಂಡೇ ದೀಕ್ಷಾಸ್ನಾನ ತಗೊಂಡ್ರು. ನೀರಿಂದ ಎದ್ದಾಗ ಹಚ್ಚೆ ಹಾಗೇ ಇತ್ತು. ಕೆರೆದು ತೆಗಿ ಅಂತ ಯಾರೂ ಹೇಳಲಿಲ್ಲ. ಅಜ್ಜಿ ಮೈಮೇಲಿದ್ರೆ ಹಳೇ ಕಾಲದ್ದು, ಮೊಮ್ಮಗನ ಮೈಮೇಲಿದ್ರೆ ಸೈತಾನನದ್ದು. ಇದು ಯಾವ ನ್ಯಾಯ? ಕೂದಲಿನ ವಿಷಯವೂ ಅಷ್ಟೇ. ಶನಿವಾರ ರಾತ್ರಿ ಡೈ ಹಚ್ಕೊಂಡು ಭಾನುವಾರ ಮುಂದಿನ ಸಾಲಿನಲ್ಲಿ ಕೂರೋ ಹಿರಿಯರೇ, ನಗಬೇಡಿ, ಕಪ್ಪೂ ಒಂದು ಬಣ್ಣವೇ.

ನನ್ನ ತಾಯಿ ಇದಕ್ಕೆ ಉಲ್ಟಾ. ದೀಕ್ಷಾಸ್ನಾನದ ದಿನ ಮೂಗುತಿ, ಓಲೆ ಎರಡೂ ಬಿಚ್ಚಿಟ್ರು. ನಮ್ಮ ಪೆಂಟೆಕೋಸ್ಟ್ ಮನೆಗಳಲ್ಲಿ ಎಷ್ಟೋ ಅಮ್ಮಂದಿರು ಹಾಗೆ ಮಾಡಿದ್ದಾರೆ. 1 ಪೇತ್ರ 3ನ್ನು ಓದಿ, ಅಲಂಕಾರ ಒಳಗಿನದಾಗಿರಲಿ ಅಂತ ಸಂತೋಷದಿಂದ ಮಾಡಿದ್ರು. ಬಂಗಾರ ಎಷ್ಟಿದೆ ಅನ್ನೋದರ ಮೇಲೆ ಹೆಣ್ಣಿಗೆ ಬೆಲೆ ಕಟ್ಟೋ ಸಮಾಜದಲ್ಲಿ ಅದು ದೊಡ್ಡ ಬಿಡುಗಡೆ. ನಾನು ಅದನ್ನು ಗೌರವಿಸ್ತೀನಿ. ಆದರೆ ಅಮ್ಮ ಕೊಟ್ಟದ್ದು ಕಾಣಿಕೆ. ನಾವು ಅದನ್ನು ಒಳಗೆ ಬರೋಕೆ ಟಿಕೆಟ್ ಮಾಡಿಬಿಟ್ವಿ.

ಸತ್ಯವೇದ ಏನು ಹೇಳುತ್ತೆ? ಆದಿಕಾಂಡ 24ರಲ್ಲಿ ಅಬ್ರಹಾಮನ ಸೇವಕ ಪ್ರಾರ್ಥನೆ ಮಾಡಿ, ರೆಬೆಕ್ಕಳಿಗೆ ತಾನೇ ಮೂಗುತಿ ಹಾಕ್ತಾನೆ. ವಿಮೋಚನಕಾಂಡ 32ರಲ್ಲಿ ಜನ ಕಿವಿಯ ಓಲೆ ಬಿಚ್ಚಿ ಕೊಟ್ಟರು, ಅದರಿಂದ ಬಂಗಾರದ ಕರು ಆಯ್ತು. ಅಲ್ಲಿಗೇ ನಿಲ್ಲಿಸಬೇಡಿ, 35ನೇ ಅಧ್ಯಾಯಕ್ಕೆ ಹೋಗಿ. ಅದೇ ಜನ, ಮತ್ತೆ ಓಲೆ, ಉಂಗುರ ತಂದು ಕೊಟ್ಟರು. ಈ ಸಲ ಅದರಿಂದ ದೇವರ ಗುಡಾರ ಎದ್ದಿತು. ಓಲೆ ಅದೇ ಓಲೆ! ಕರು ಆಗಬಹುದು, ಗುಡಾರವೂ ಆಗಬಹುದು. ದೇವರು ಕೇಳೋದು ಕಿವಿಯಲ್ಲಿ ಏನಿದೆ ಅಂತಲ್ಲ, ಅದು ಯಾರಿಗೆ ಹೋಗ್ತಿದೆ ಅಂತ. ಹಲ್ಲೆಲೂಯ!

ಸಭೆಯ ಚರಿತ್ರೆಯಲ್ಲೂ ಎರಡೂ ಇದೆ. ರೋಮ್ ಸಾಮ್ರಾಜ್ಯದಲ್ಲಿ ಅಪರಾಧಿಗಳ ಮುಖದ ಮೇಲೆ ಹಚ್ಚೆ ಹಾಕ್ತಿದ್ರು. ಕ್ರಿ.ಶ. 316ರ ಸುಮಾರಿಗೆ ಚಕ್ರವರ್ತಿ ಕಾನ್‌ಸ್ಟಂಟೈನ್, ಮುಖ ದೈವಿಕ ಸೌಂದರ್ಯದ ಹೋಲಿಕೆಯಲ್ಲಿ ರೂಪುಗೊಂಡದ್ದು, ಅದನ್ನು ಕೆಡಿಸಬೇಡಿ ಅಂತ ಕಾನೂನು ಮಾಡಿದ. ಇನ್ನೊಂದು ಕಡೆ ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು. ಇವತ್ತಿಗೂ ಮಕ್ಕಳ ಬಲ ಮಣಿಕಟ್ಟಿನ ಒಳಗಡೆ ಸಣ್ಣ ಶಿಲುಬೆ ಹಚ್ಚೆ ಹಾಕಿಸ್ತಾರೆ. ಅಲ್ಲಿ ಅವರು ಅಲ್ಪಸಂಖ್ಯಾತರು. ಹಿಂಸೆ ಬಂದಾಗ ಆ ಶಿಲುಬೆಯನ್ನು ಒರೆಸಿ ಬಚ್ಚಿಡೋಕೆ ಆಗಲ್ಲ. ಅವರ ಮುಂದೆ ನಿಂತು 19:28 ಓದೋಕೆ ನನಗೆ ಧೈರ್ಯ ಇಲ್ಲ.

"ಹಾಗಾದ್ರೆ ಪಾಸ್ಟರ್ ಪರ್ಮಿಷನ್ ಕೊಟ್ರು, ಮಧ್ಯಾಹ್ನವೇ ಹೋಗೋಣ" ಅಂತ ಯಾರೋ ಪಕ್ಕದವರಿಗೆ ಮೆಸೇಜ್ ಮಾಡ್ತಿರೋದು ಕಾಣಿಸ್ತಿದೆ. ಸ್ವಲ್ಪ ತಡೀರಿ. ನಾನು ಹಾಕಿಸಿಕೊಂಡಿಲ್ಲ, ಹಾಕಿಸಿಕೊಳ್ಳಿ ಅಂತ ಹೇಳೋದೂ ಇಲ್ಲ. 1 ಕೊರಿಂಥ 6:19, 20ನ್ನು ಓದಿ. "ನನ್ನ ದೇಹ, ನನ್ನಿಷ್ಟ" ಅಂತ ಲೋಕ ಹೇಳುತ್ತೆ. ವಾಕ್ಯ ಹೇಳೋದು, ಈ ದೇಹಕ್ಕೆ ಕ್ರಯ ಕೊಟ್ಟಾಗಿದೆ, ಇದು ಪವಿತ್ರಾತ್ಮನ ಆಲಯ. ಆಲಯದ ಗೋಡೆ ಮೇಲೆ ಏನಾದ್ರೂ ಬರೆಯೋ ಮೊದಲು ಮನೆ ಯಜಮಾನನನ್ನು ಕೇಳಬೇಕೋ ಬೇಡವೋ?

ಅದಕ್ಕೇ ಕೆಲವು ಪ್ರಶ್ನೆ. ಒಂದು, ನಾನು ಯಾರಿಗೆ ತೋರಿಸೋಕೆ ಇದನ್ನು ಮಾಡ್ತಿದ್ದೇನೆ? ಯಾರೂ ನೋಡದಿದ್ರೂ ಮಾಡ್ತಿದ್ನಾ? ಎರಡು, ಅಪ್ಪ ಅಮ್ಮನ ಮೇಲಿನ ಕೋಪಕ್ಕೆ ಮಾಡ್ತಿದ್ದೇನಾ? ಕೋಪ ಇಳಿಯುತ್ತೆ, ಶಾಯಿ ಇಳಿಯಲ್ಲ. ಚರ್ಮದ ಒಳಪದರಕ್ಕೆ ಶಾಯಿ ಹೋದಾಗ ದೇಹ ಅದನ್ನು ಗಾಯ ಅಂತಲೇ ತಿಳಿಯುತ್ತೆ. ರಕ್ಷಣೆಯ ಕಣಗಳು ಓಡಿ ಬಂದು ಶಾಯಿ ನುಂಗಿ ಅಲ್ಲೇ ಕೂತುಬಿಡ್ತವೆ. ಅದಕ್ಕೇ ಅದು ಹೋಗಲ್ಲ. ಲೇಸರ್‌ನಲ್ಲಿ ತೆಗೆಸೋಕೆ ಎಷ್ಟೋ ಸಲ ಹೋಗಬೇಕು, ಹಾಕಿಸಿದ್ದಕ್ಕಿಂತ ಹೆಚ್ಚು ದುಡ್ಡು. ಮೂರು, ಸೂಜಿ ಹೊಸದಾ? ಅಗ್ಗಕ್ಕೆ ಸಿಗುತ್ತೆ ಅಂತ ಕಂಡಕಂಡಲ್ಲಿ ಕೈ ಕೊಟ್ಟರೆ ಹೆಪಟೈಟಿಸ್, ಎಚ್‌ಐವಿ ಬರಬಹುದು. ನಾಲ್ಕು, ಮುಂದೆ ಏನಾಗಬೇಕು ಅಂತ ಇದ್ದೀರಿ? ನಮ್ಮ ಯಲಹಂಕದಲ್ಲಿ ವಾಯುನೆಲೆ ಇದೆ, ಆ ವಿಮಾನ ನೋಡಿ ಬೆಳೆದ ಮಕ್ಕಳು ನೀವು. ಸೇನೆಗೆ, ವಾಯುಪಡೆಗೆ ಸೇರುವಾಗ ಮುಂಗೈಯ ಒಳಭಾಗ, ಅಂಗೈಯ ಹಿಂಭಾಗ ಬಿಟ್ಟು ಬೇರೆ ಕಡೆ ಶಾಶ್ವತ ಹಚ್ಚೆ ಇದ್ರೆ ಸಾಮಾನ್ಯವಾಗಿ ತೆಗೆದುಕೊಳ್ಳೋದಿಲ್ಲ. ಬುಡಕಟ್ಟು ಸಂಪ್ರದಾಯದವರಿಗೆ ಮಾತ್ರ ವಿನಾಯಿತಿ. ಐದನೆಯದು, ರೋಮಾಪುರ 14ರ ಪ್ರಶ್ನೆ: ಮನಸ್ಸಿನಲ್ಲಿ ಸಂಶಯ ಇದ್ರೂ ಮಾಡ್ತಿದ್ದೇನಾ? ಹಾಗಾದ್ರೆ ನಿಲ್ಲಿಸು.

ಇನ್ನು ಈಗಾಗಲೇ ಹಾಕಿಸಿಕೊಂಡವರಿಗೆ: ನೀವು ಎರಡನೇ ದರ್ಜೆ ವಿಶ್ವಾಸಿಗಳಲ್ಲ. 1 ಸಮುವೇಲ 16:7ರಲ್ಲಿ ದೇವರು ಸಮುವೇಲನಂಥ ಪ್ರವಾದಿಗೇ ಕಲಿಸಿದ ಪಾಠ ಇದು: ಮನುಷ್ಯ ಹೊರಗಡೆ ನೋಡ್ತಾನೆ, ಕರ್ತನು ಹೃದಯ ನೋಡ್ತಾನೆ. ಪ್ರವಾದಿಯ ಕಣ್ಣೂ ತಪ್ಪಿತು. ಪಾಸ್ಟರ್ ಕಣ್ಣು ತಪ್ಪೋದು ದೊಡ್ಡದಲ್ಲ.

ನಾನು ಆ ತಮ್ಮನ ರೂಮಿಗೆ ಹೋದೆ. ಬಾಗಿಲು ತೆಗೆದ, ಒಳಗೆ ಬನ್ನಿ ಅಂದ, ಟೀ ಮಾಡಿಕೊಟ್ಟ. "ತಪ್ಪಾಯ್ತು ಕಣೋ, ನಾನು ಓದಲೇ ಇಲ್ಲ" ಅಂದೆ. ಅವನು ಶರ್ಟ್ ತೋಳು ಮಡಿಚಿ ಕೈ ನನ್ನ ಮುಂದೆ ಇಟ್ಟ. ಓದಿದೆ. ವಯಸ್ಸಾದವರ ಕೈಬರಹ, ಕೊನೇ ಅಕ್ಷರ ಸ್ವಲ್ಪ ಮೇಲಕ್ಕೆ ಹೋಗಿದೆ. ಸ್ವಲ್ಪ ಹೊತ್ತಾದ ಮೇಲೆ ಅವನು ಕೇಳಿದ: "ಪಾಸ್ಟರ್, ಅಮ್ಮನ ಮುಖ ಮರೆತುಹೋಗುತ್ತಾ ಅಂತ ಭಯ ಆಗುತ್ತೆ. ಇದು ತಪ್ಪಾ?"

ಆ ದಿನ ನಾನು ಯಾಜಕಕಾಂಡ ತೆರೆಯಲಿಲ್ಲ. ಯೆಶಾಯ 49 ತೆರೆದೆ. ನೀವೂ ತೆರೆಯಿರಿ, 14ರಿಂದ 16. ಚೀಯೋನ್ ಅಳ್ತಿದೆ: ಕರ್ತನು ನನ್ನನ್ನು ಮರೆತುಬಿಟ್ಟ. ಅದಕ್ಕೆ ದೇವರ ಉತ್ತರ ನೋಡಿ. ತಾಯಿ ಮಗುವನ್ನು ಮರೆತಾಳಾ? ಒಂದು ವೇಳೆ ಮರೆತರೂ ನಾನು ಮರೆಯಲ್ಲ. ನಿನ್ನನ್ನು ನನ್ನ ಅಂಗೈಗಳಲ್ಲೇ ಕೆತ್ತಿಕೊಂಡಿದ್ದೇನೆ ಅಂತಾನೆ.

ಆ ಕಾಲದಲ್ಲಿ ಯಜಮಾನನ ಗುರುತನ್ನು ಗುಲಾಮ ಹೊರಬೇಕಿತ್ತು. ಇಲ್ಲಿ ಯಜಮಾನನೇ ಗುಲಾಮನ ಗುರುತನ್ನು ತನ್ನ ಕೈಯಲ್ಲಿ ಹೊತ್ತಿದ್ದಾನೆ! ಇನ್ನು ಯೋಹಾನ 20ಕ್ಕೆ ಬನ್ನಿ. ಮರಣವನ್ನು ಗೆದ್ದ ದೇಹ, ಮಹಿಮೆಯ ದೇಹ. ದೇವರು ಬಯಸಿದ್ರೆ ಆ ಮೊಳೆಯ ಗುರುತುಗಳನ್ನು ಅಳಿಸಬಹುದಿತ್ತು. ಅಳಿಸಲಿಲ್ಲ. ತೋಮನ ಮುಂದೆ ಕೈ ಚಾಚಿ, ನೋಡು, ಮುಟ್ಟು ಅಂದ. ಯೇಸು ತನ್ನ ಗಾಯವನ್ನು ಮುಚ್ಚಿಕೊಳ್ಳಲಿಲ್ಲ. ಸಂಶಯದಲ್ಲಿದ್ದವನನ್ನು ಹೊರಗೂ ಹಾಕಲಿಲ್ಲ.

ಆ ತಮ್ಮನಿಗೆ ಹೇಳಿದೆ: "ನೀನು ಮರೆತರೂ ಮರೆಯದವನು ಒಬ್ಬನಿದ್ದಾನೆ. ನಿನ್ನ ಹೆಸರೂ ಅಮ್ಮನ ಹೆಸರೂ ಒಂದೇ ಅಂಗೈಯಲ್ಲಿದೆ." ಇಬ್ಬರೂ ಅತ್ವಿ. ಅವನು ನಮ್ಮ ಸಭೆಗೆ ವಾಪಸ್ ಬರಲಿಲ್ಲ. ಹೆಬ್ಬಾಳದ ಕಡೆ ಇನ್ನೊಂದು ಸಭೆಯಲ್ಲಿ ಗಿಟಾರ್ ನುಡಿಸ್ತಾನೆ. ಅದಕ್ಕೆ ಕರ್ತನಿಗೆ ಸ್ತೋತ್ರ. ಆದರೆ ನಾವು ಕಳ್ಕೊಂಡ್ವಿ ಅನ್ನೋದೂ ನಿಜ, ಅದು ನನ್ನ ನಾಲಿಗೆಯಿಂದ ಆಯ್ತು.

ಹಾಗಾಗಿ ಇವತ್ತು ಈ ಸಭೆಗೆ ಒಂದೇ ಒಂದು ಕೆಲಸ ಕೊಡ್ತೀನಿ. ಮುಂದಿನ ಸಲ ಯಾರ ಮೈಮೇಲಾದ್ರೂ ಗುರುತು ಕಂಡಾಗ, ಕೂದಲ ಬಣ್ಣ ಕಂಡಾಗ, ಮೊದಲು ಓದಿ. "ಇದು ಏನು, ಹೇಳ್ತೀಯಾ?" ಅಂತ ಪ್ರೀತಿಯಿಂದ ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಿ. ವಚನ ಹೇಳೋಕೆ ಆಮೇಲೆ ಬೇಕಾದಷ್ಟು ಸಮಯ ಇದೆ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಇಷ್ಟವಿದ್ರೆ ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ಚಾಚಿ. ಪೂರ್ತಿ ತೋಳು ಹಾಕ್ಕೊಂಡು ಏನನ್ನೋ ಮುಚ್ಚಿಕೊಂಡು ಬಂದಿರೋರು, ಭಯ ಇಲ್ಲದಿದ್ರೆ ತೋಳು ಮಡಿಚಿ. ಇಲ್ಲದಿದ್ರೆ ಹಾಗೇ ಇರಲಿ, ಕರ್ತನಿಗೆ ಬಟ್ಟೆ ಅಡ್ಡ ಬರಲ್ಲ.

ಪರಲೋಕದ ತಂದೆಯೇ, ನಿನ್ನ ಮಕ್ಕಳನ್ನು ನಿನ್ನ ಮುಂದೆ ತರ್ತೇವೆ. ಮರೆಯಬಾರದು ಅಂತ ಬರೆಸಿಕೊಂಡವರನ್ನು, ಮರೆಯಬೇಕು ಅಂತ ಮುಚ್ಚಿಕೊಂಡವರನ್ನು, ಯಾರಾದ್ರೂ ನನ್ನನ್ನು ನೋಡಲಿ ಅಂತ ಬಣ್ಣ ಹಚ್ಚಿಕೊಂಡವರನ್ನು ನೀನು ನೋಡು. ನೋಡದೇ ತೀರ್ಪು ಮಾಡಿದ ನಮ್ಮ ಕಣ್ಣುಗಳನ್ನು ಕ್ಷಮಿಸು. ಯಾರ ಹೆಸರು ಯಾರ ಮೈಮೇಲಿದ್ರೂ, ನಮ್ಮ ಹೆಸರು ನಿನ್ನ ಅಂಗೈಯಲ್ಲಿದೆ ಅನ್ನೋದನ್ನು ಈ ವಾರ ಕೆಲಸದಲ್ಲಿ, ಕಾಲೇಜಿನಲ್ಲಿ, ರಾತ್ರಿ ಒಬ್ಬರೇ ಇರುವಾಗ ನೆನಪು ಮಾಡಿಕೊಡು. ಯೇಸುವಿನ ನಾಮದಲ್ಲಿ ಬೇಡ್ತೇವೆ ತಂದೆಯೇ, ಆಮೆನ್.

ಪ್ರಾರ್ಥನೆ ಬೇಕಾದವರು ಮುಂದೆ ಬನ್ನಿ. ಉಳಿದವರು ಹೋಗುವಾಗ ಕೊನೇ ಸಾಲಿನಲ್ಲಿ ಕೂತಿರೋರನ್ನು ಮಾತಾಡಿಸಿ ಹೋಗಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ.